ಕಾದಿದವರು ಹೊರಗೆ, ಸಹಿ ಹಾಕಿದವರು ಒಳಗೆ: ಫಿಲಿಪ್ಪೀನ್ಸ್ ಸ್ವಾತಂತ್ರ್ಯಕ್ಕೆ ಎರಡು ತಾರೀಕು ಯಾಕೆ?

ಫಿಲಿಪ್ಪೀನ್ಸ್‌ಗೆ ಸ್ವಾತಂತ್ರ್ಯ ಬಂದಿದ್ದು ಯಾವಾಗ? ಪ್ರಶ್ನೆ ಸುಲಭ, ಉತ್ತರ ಮಾತ್ರ ಎರಡಿದೆ. ಒಂದು, 1898ರ ಜೂನ್ 12. ಸ್ಪೇನ್ ಆಳ್ವಿಕೆ ಮುಗಿಯಿತು ಎಂದು ಕ್ರಾಂತಿಯ ನಾಯಕ ಎಮಿಲಿಯೊ ಅಗಿನಾಲ್ಡೊ ತಮ್ಮ ಊರಾದ ಕಾವಿತ್‌ನಲ್ಲಿ ಘೋಷಣೆ ಓದಿಸಿದ ದಿನ. ಇನ್ನೊಂದು, 1946ರ ಜುಲೈ 4. ಅಮೆರಿಕ ಅಧಿಕಾರ ಬಿಟ್ಟುಕೊಟ್ಟ ದಿನ. ಆಮೇಲಿನ ಹದಿನಾರು ವರ್ಷ ದೇಶ ಜುಲೈ 4ನ್ನೇ ಆಚರಿಸಿತು. 1962ರಲ್ಲಿ ಅಧ್ಯಕ್ಷ ದಿಯೊಸ್ದಾದೊ ಮಕಪಗಾಲ್ ಅದನ್ನು ಜೂನ್ 12ಕ್ಕೆ ಬದಲಿಸಿದರು. ಅದಕ್ಕೆ ಸ್ವಲ್ಪ ಮುಂಚೆ, ಎರಡನೇ ಮಹಾಯುದ್ಧದ ಹಾನಿಗೆ 7.3 ಕೋಟಿ ಡಾಲರ್ ಪರಿಹಾರ ಕೊಡುವ ಮಸೂದೆಯನ್ನು ಅಮೆರಿಕದ ಕೆಳಮನೆ ತಳ್ಳಿಹಾಕಿತ್ತು. ಆ ಸಿಟ್ಟೂ ಈ ನಿರ್ಧಾರದಲ್ಲಿ ಬೆರೆತಿತ್ತು ಅನ್ನುವುದು ಗುಟ್ಟೇನಲ್ಲ.

ಇದು ಬರೀ ಕ್ಯಾಲೆಂಡರಿನ ಜಗಳ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಎರಡು ತಾರೀಕಿನ ನಡುವೆ 48 ವರ್ಷ ಇದೆ. ಯಾಕೆ ಹಾಗಾಯಿತು ಎಂದು ಹುಡುಕುತ್ತಾ ಹೋದರೆ ಒಂದೇ ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಸ್ಪೇನ್ ವಿರುದ್ಧ ಕಾದಿದವರು ಒಬ್ಬರು, ಕೋಣೆಯೊಳಗೆ ಕೂತು ಕಾಗದಕ್ಕೆ ಸಹಿ ಹಾಕಿದವರು ಇನ್ನೊಬ್ಬರು. 1897ರ ಮಾರ್ಚ್‌ನಿಂದ 1898ರ ಡಿಸೆಂಬರ್‌ವರೆಗೆ, ಎರಡು ವರ್ಷ ತುಂಬುವುದರೊಳಗೆ, ಇದು ಮೂರು ಸಲ ನಡೆಯಿತು. ಅಲ್ಲಿನ ಜಮೀನಿನ ಜಗಳ, ದಕ್ಷಿಣದ ಮುಸ್ಲಿಮರ ಪ್ರಶ್ನೆ, ಚೀನಾ ಜೊತೆಗಿನ ಸಮುದ್ರದ ತಕರಾರು, ಮೂರಕ್ಕೂ ಬೇರು ಅಲ್ಲಿದೆ.

ಊರಿಗೊಬ್ಬ ಪಾದ್ರಿ

ಸ್ಪೇನ್ ಈ ದ್ವೀಪಗಳಿಗೆ ಕಾಲಿಟ್ಟಿದ್ದು 1521ರಲ್ಲಿ. ಬಂದ ಮೆಗಲನ್ ಅದೇ ಏಪ್ರಿಲ್‌ನಲ್ಲಿ ಮಕ್ತಾನ್ ದ್ವೀಪದ ನಾಯಕ ಲಾಪುಲಾಪುವಿನ ಜನರ ಕೈಯಲ್ಲಿ ಸತ್ತ. ನಿಜವಾಗಿ ಆಳ್ವಿಕೆ ಶುರುವಾಗಿದ್ದು 1565ರಲ್ಲಿ ಲೆಗಾಸ್ಪಿ ಬಂದ ಮೇಲೆ. 1571ರಲ್ಲಿ ಮನಿಲಾ ರಾಜಧಾನಿ ಆಯಿತು. ಮೆಕ್ಸಿಕೊ ಸ್ವತಂತ್ರವಾಗುವ ತನಕ ಈ ವಸಾಹತನ್ನು ಮೆಕ್ಸಿಕೊ ಮೂಲಕವೇ ನೋಡಿಕೊಳ್ಳುತ್ತಿದ್ದರು. ಚೀನಾದ ರೇಷ್ಮೆ ಮನಿಲಾದಿಂದ ಅಕಪುಲ್ಕೊಗೆ ಹೋಗುತ್ತಿತ್ತು. ಅಲ್ಲಿಂದ ಬೆಳ್ಳಿ ಇತ್ತ ಬರುತ್ತಿತ್ತು. ಈ ಹಡಗು ವ್ಯಾಪಾರ ಸುಮಾರು 250 ವರ್ಷ, 1815ರವರೆಗೆ ನಡೆಯಿತು. ಮನಿಲಾದ ಸ್ಪ್ಯಾನಿಶರಿಗೆ ಅದರಲ್ಲೇ ಸಾಕಷ್ಟು ಲಾಭ ಇತ್ತು. ಹಳ್ಳಿಗಳಿಗೆ ಹೋಗುವ ಉಸಾಬರಿ ಅವರಿಗೆ ಬೇಕಿರಲಿಲ್ಲ.

ಹಾಗಾದರೆ ಹಳ್ಳಿಯನ್ನು ಆಳಿದ್ದು ಯಾರು? ಪಾದ್ರಿಗಳು. ಅಗಸ್ಟೀನಿಯನ್, ಡೊಮಿನಿಕನ್, ಫ್ರಾನ್ಸಿಸ್ಕನ್, ರಿಕಲೆಕ್ಟ್ ಎಂಬ ಮಠಗಳ ಪಾದ್ರಿಗಳು. ಎಷ್ಟೋ ಊರುಗಳಲ್ಲಿ ಜನ ಕಣ್ಣಾರೆ ಕಂಡ ಒಬ್ಬನೇ ಸ್ಪ್ಯಾನಿಶ್ ಮನುಷ್ಯ ಚರ್ಚಿನ ಪಾದ್ರಿ. ಅವನಿಗೆ ಸ್ಥಳೀಯ ಭಾಷೆ ಬರುತ್ತಿತ್ತು. ಹುಟ್ಟು, ಸಾವು, ಮದುವೆಯ ಲೆಕ್ಕ ಅವನ ಹತ್ತಿರ. ಶಾಲೆಯ ಮೇಲ್ವಿಚಾರಣೆ ಅವನದು. ಕಂದಾಯದ ಪಟ್ಟಿಗೂ ಅವನ ಒಪ್ಪಿಗೆ ಬೇಕು. ಗವರ್ನರ್‌ಗಳು ಬಂದು ಹೋಗುತ್ತಿದ್ದರು, ಪಾದ್ರಿ ಮಾತ್ರ ಅಲ್ಲೇ ಇರುತ್ತಿದ್ದ. 16ರಿಂದ 60 ವರ್ಷದ ಗಂಡಸರು ವರ್ಷಕ್ಕೆ 40 ದಿನ ಬಿಟ್ಟಿ ದುಡಿಯಬೇಕಿತ್ತು. 1884ರಲ್ಲಿ ಅದು 15 ದಿನಕ್ಕೆ ಇಳಿಯಿತು. ಉತ್ತರದ ಕಗಯಾನ್ ಕಣಿವೆಯಲ್ಲಿ ನೂರು ವರ್ಷ, 1882ರ ತನಕ, ತಂಬಾಕು ಬೆಳೆದು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಮಾರಬೇಕಿತ್ತು. ಇವತ್ತಿಗೂ ಫಿಲಿಪಿನೊ ಅಡ್ಡಹೆಸರುಗಳು ಸ್ಪೇನ್‌ನವರ ಹಾಗೆ ಕೇಳಿಸುತ್ತವೆ ಅಲ್ವಾ? ಅದಕ್ಕೂ ಒಂದು ಸರ್ಕಾರಿ ಆದೇಶವೇ ಕಾರಣ. 1849ರಲ್ಲಿ ಗವರ್ನರ್ ಕ್ಲಾವೆರಿಯಾ ಅಡ್ಡಹೆಸರುಗಳ ಪಟ್ಟಿಯನ್ನೇ ಊರೂರಿಗೆ ಕಳಿಸಿ ಹಂಚಿಸಿದ. ಲೆಕ್ಕ ಇಡಲು ಸುಲಭ ಆಗಲಿ ಅಂತ.

ಜನ ಸುಮ್ನೆ ಇರಲಿಲ್ಲ. ಬೊಹೋಲ್ ದ್ವೀಪದಲ್ಲಿ ದಗೊಹೋಯ್ ಶುರು ಮಾಡಿದ ದಂಗೆ 1744ರಿಂದ 1829ರವರೆಗೆ, 85 ವರ್ಷ ನಡೆಯಿತು. 1762ರಲ್ಲಿ ಮದ್ರಾಸಿನಿಂದ ಹೊರಟ ಬ್ರಿಟಿಷ್ ಪಡೆ ಮನಿಲಾವನ್ನು ಹಿಡಿದು ಎರಡು ವರ್ಷ ಕೂತಿತು. ಆ ಹೊತ್ತು ನೋಡಿ ಇಲೊಕೋಸ್‌ನಲ್ಲಿ ದಿಯೆಗೊ ಸಿಲಾಂಗ್ ಬಂಡೆದ್ದರು. ಅವರನ್ನು ಕೊಂದ ಮೇಲೆ ಹೆಂಡತಿ ಗಬ್ರಿಯೆಲಾ ಮುಂದಾಳಾದರು. 1763ರಲ್ಲಿ ಅವರನ್ನೂ ಗಲ್ಲಿಗೆ ಹಾಕಿದರು. ಬ್ರಿಟಿಷರು ವಾಪಸ್ ಹೋದರು, ಅವರ ಜೊತೆ ಬಂದಿದ್ದ ಮದ್ರಾಸಿನ ಸಿಪಾಯಿಗಳಲ್ಲಿ ಕೆಲವರು ಹೋಗಲಿಲ್ಲ. ಮನಿಲಾ ಪಕ್ಕದ ಕೈಂಟಾ ಊರಿನಲ್ಲಿ ಮದುವೆಯಾಗಿ ನೆಲೆಸಿದರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ.

ಈ ದಂಗೆಗಳೆಲ್ಲ ಒಂದೊಂದು ದ್ವೀಪದ, ಒಂದೊಂದು ಭಾಷೆಯ ಜನರವು. ಪಕ್ಕದ ಪ್ರಾಂತ್ಯದ ಜನರನ್ನೇ ಸೈನಿಕರನ್ನಾಗಿ ಮಾಡಿ ಸ್ಪೇನ್ ಅವನ್ನು ಅಡಗಿಸುತ್ತಿತ್ತು. ದ್ವೀಪಗಳನ್ನೆಲ್ಲ ಒಟ್ಟಿಗೆ ಕಟ್ಟುವ ಸಿಟ್ಟು ಹುಟ್ಟಿದ್ದು 19ನೇ ಶತಮಾನದ ಕೊನೆಗೆ.

ಗೇಣಿ ಜಗಳದಿಂದ ಗುಂಡಿನವರೆಗೆ

1872ರ ಜನವರಿಯಲ್ಲಿ ಕವೀತೆ ಬಂದರಿನ ಶಸ್ತ್ರಾಗಾರದಲ್ಲಿ ಸುಮಾರು 200 ಜನ ಸೈನಿಕರು, ಕೆಲಸಗಾರರು ದಂಗೆ ಎದ್ದರು. ಅವರಿಗೆ ಮೊದಲಿನಿಂದ ಇದ್ದ ತೆರಿಗೆ ವಿನಾಯಿತಿಯನ್ನು ಹೊಸ ಗವರ್ನರ್ ಕಿತ್ತುಕೊಂಡಿದ್ದ. ದಂಗೆ ಎರಡೇ ದಿನದಲ್ಲಿ ಮುಗಿಯಿತು. ಸರ್ಕಾರ ಅದನ್ನು ದೊಡ್ಡ ಪಿತೂರಿ ಎಂದು ತೋರಿಸಿ ಗೋಮೆಸ್, ಬುರ್ಗೊಸ್, ಸಮೋರಾ ಎಂಬ ಮೂವರು ಪಾದ್ರಿಗಳನ್ನು ಫೆಬ್ರವರಿ 17ರಂದು ಮನಿಲಾದ ಮೈದಾನದಲ್ಲಿ ಕತ್ತು ಬಿಗಿದು ಕೊಲ್ಲಿಸಿತು. ಆ ಮೂವರ ನಿಜವಾದ ತಪ್ಪು ಬೇರೆ. ಚರ್ಚುಗಳ ಆಡಳಿತ ಸ್ಪೇನ್‌ನ ಮಠಗಳಿಗೇ ಯಾಕೆ, ಇಲ್ಲಿ ಹುಟ್ಟಿದ ಪಾದ್ರಿಗಳಿಗೆ ಯಾಕಿಲ್ಲ ಎಂದು ಅವರು ಕೇಳುತ್ತಿದ್ದರು.

ಮುಂದೆ ಕಾದಂಬರಿಕಾರರಾಗಿ, ರಾಷ್ಟ್ರೀಯ ನಾಯಕರಾಗಿ ಹೆಸರಾದ ಹೊಸೆ ರಿಸಾಲ್‌ಗೆ ಆಗ ಹನ್ನೊಂದು ವರ್ಷ ಕೂಡ ತುಂಬಿರಲಿಲ್ಲ. ಅವರ ಅಣ್ಣ ಪಸಿಯಾನೊ, ಬುರ್ಗೊಸ್ ಜೊತೆ ಓಡಾಡಿಕೊಂಡಿದ್ದ ವಿದ್ಯಾರ್ಥಿ. ಮನೆಯೊಳಗೇ ಆ ಸಾವಿನ ಮಾತು ಇತ್ತು. ರಿಸಾಲ್ ಮುಂದೆ ತಮ್ಮ ಎರಡನೇ ಕಾದಂಬರಿಯನ್ನು ಆ ಮೂವರಿಗೇ ಅರ್ಪಿಸಿದರು.

ರಿಸಾಲ್ ಮನೆಯ ಇನ್ನೊಂದು ಕಥೆಯನ್ನು ಜನ ಕಡಿಮೆ ಹೇಳುತ್ತಾರೆ. ನನಗೆ ಅದೇ ಹೆಚ್ಚು ಮುಖ್ಯ ಅನಿಸುತ್ತದೆ. ಅವರ ಊರು ಕಲಂಬಾ. ಊರಿನ ಜಮೀನೆಲ್ಲ ಡೊಮಿನಿಕನ್ ಮಠದ್ದು. ರಿಸಾಲ್ ಕುಟುಂಬ ಸ್ಥಿತಿವಂತರೇ, ಆದರೆ ಒಡೆಯರಲ್ಲ. ಮಠದಿಂದ ದೊಡ್ಡ ಪ್ರಮಾಣದಲ್ಲಿ ಗೇಣಿಗೆ ತೆಗೆದುಕೊಂಡು, ಕೆಳಗಿನ ರೈತರಿಗೆ ಪಾಲಿಗೆ ಕೊಡುತ್ತಿದ್ದರು. ನಮ್ಮ ಕರಾವಳಿಯ ಮೂಲಗೇಣಿ, ಚಾಲಗೇಣಿ ಕಂಡವರಿಗೆ ಈ ಏಣಿ ಥಟ್ಟನೆ ಅರ್ಥವಾದೀತು. 1880ರ ದಶಕದಲ್ಲಿ ಸಕ್ಕರೆ ಬೆಲೆ ಬಿತ್ತು, ಗೇಣಿ ಮಾತ್ರ ಏರುತ್ತಾ ಹೋಯಿತು. ಗೇಣಿದಾರರು ಲೆಕ್ಕ ಕೇಳಿದರು. ಅವರ ಪರವಾಗಿ ಅರ್ಜಿ ಬರೆಯಲು ನೆರವಾದದ್ದು ರಿಸಾಲ್. ಮಠ ಕೋರ್ಟಿಗೆ ಹೋಯಿತು, ಗೆದ್ದಿತು. ಗವರ್ನರ್ ವೇಲರ್ ಸೈನಿಕರನ್ನು ಕಳಿಸಿ ಕುಟುಂಬಗಳನ್ನು ಮನೆಯಿಂದ ಹೊರಗೆ ಹಾಕಿಸಿದ. ಅದರಲ್ಲಿ ರಿಸಾಲ್ ತಂದೆ-ತಾಯಿಯೂ ಇದ್ದರು.

ಹಾಗಿದ್ದರೂ ರಿಸಾಲ್ ಮತ್ತು ಗೆಳೆಯರು ಕೇಳಿದ್ದು ಪ್ರತ್ಯೇಕ ದೇಶವನ್ನಲ್ಲ. ಬಾರ್ಸಿಲೋನಾದಲ್ಲಿ 1889ರಲ್ಲಿ ಶುರುವಾದ ಅವರ ಪತ್ರಿಕೆ ಕೇಳಿದ್ದು ಸ್ಪೇನ್ ಸಂಸತ್ತಿನಲ್ಲಿ ಸೀಟು, ಕಾನೂನಿನ ಮುಂದೆ ಸಮಾನತೆ, ಪಾದ್ರಿಗಳ ದರ್ಬಾರಿಗೆ ಕೊನೆ. ನಮ್ಮಲ್ಲಿ ಅದೇ ಕಾಲದ ಕಾಂಗ್ರೆಸ್ ಮಂದಗಾಮಿಗಳು ಕೇಳುತ್ತಿದ್ದ ಧಾಟಿಯೇ. ಸ್ಪೇನ್ ಅದಕ್ಕೂ ಒಪ್ಪಲಿಲ್ಲ. 1892ರ ಜೂನ್ ಕೊನೆಗೆ ರಿಸಾಲ್ ಮನಿಲಾಕ್ಕೆ ಬಂದು, ಜುಲೈನಲ್ಲಿ ಒಂದು ಶಾಂತಿಯುತ ಸಂಘ ಕಟ್ಟಿದರು. ಕೆಲವೇ ದಿನದಲ್ಲಿ ಅವರನ್ನು ಹಿಡಿದು ದಕ್ಷಿಣದ ದಪಿತಾನ್‌ಗೆ ಗಡಿಪಾರು ಮಾಡಿದರು.

ಅದೇ ವಾರ, ಜುಲೈ 7ರಂದು, ಮನಿಲಾದ ತೊಂದೊ ಬಡಾವಣೆಯಲ್ಲಿ ಇನ್ನೊಂದು ಸಂಘ ಹುಟ್ಟಿತು. ಅದೇ ಕತಿಪುನಾನ್. ಸೇರುವವರು ತಮ್ಮ ರಕ್ತದಲ್ಲಿ ಸಹಿ ಹಾಕುತ್ತಿದ್ದರು. ಅರ್ಜಿ ಗಿರ್ಜಿ ಇಲ್ಲ, ಗುರಿ ನೇರವಾಗಿ ಸ್ವಾತಂತ್ರ್ಯ. ಅದರ ಮುಖ್ಯಸ್ಥರಾದ ಆಂದ್ರೆಸ್ ಬೊನಿಫಾಸಿಯೊ ಚಿಕ್ಕಂದಿನಲ್ಲೇ ತಂದೆ-ತಾಯಿ ಕಳೆದುಕೊಂಡವರು. ಊರುಗೋಲು, ಕಾಗದದ ಬೀಸಣಿಗೆ ಮಾಡಿ ಮಾರಿ ತಮ್ಮ-ತಂಗಿಯರನ್ನು ಸಾಕಿದವರು. ಆಮೇಲೆ ವಿದೇಶಿ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸ. ಫ್ರೆಂಚ್ ಕ್ರಾಂತಿಯ ಬಗ್ಗೆ ತಾವೇ ಓದಿಕೊಂಡವರು. ಅವರನ್ನು ಕಡುಬಡವ ಎಂದು ಚಿತ್ರಿಸುವುದು ರೂಢಿ. ಅದು ಪೂರ್ತಿ ಸರಿಯಲ್ಲ. ಕತಿಪುನಾನ್ ನಾಯಕರಲ್ಲಿ ಗುಮಾಸ್ತರು, ಮುದ್ರಣಾಲಯದವರು ಜಾಸ್ತಿ ಇದ್ದರು. ಆದರೆ ಯುರೋಪಿನಲ್ಲಿ ಓದಿ ಬಂದ ಜಮೀನುದಾರರ ಮಕ್ಕಳ ಸಾಲಿಗೆ ಅವರು ಸೇರಿದವರಲ್ಲ ಎನ್ನುವುದಂತೂ ಖಂಡಿತ.

1896ರ ಆಗಸ್ಟ್‌ನಲ್ಲಿ ಮುದ್ರಣಾಲಯದ ಕೆಲಸಗಾರನೊಬ್ಬನ ಮೂಲಕ ಗುಟ್ಟು ತೊಂದೊದ ಪಾದ್ರಿಗೆ ತಲುಪಿತು. ಬಂಧನಗಳು ಶುರುವಾದವು. ಬೊನಿಫಾಸಿಯೊ ಮತ್ತು ಸಂಗಡಿಗರು ಮನಿಲಾ ಹೊರವಲಯದಲ್ಲಿ ಸೇರಿ, ಸ್ಪೇನ್ ಕೊಟ್ಟಿದ್ದ ತೆರಿಗೆ ಚೀಟಿಗಳನ್ನು ಹರಿದು ಹಾಕಿದರು. ಕ್ರಾಂತಿ ಶುರುವಾದದ್ದು ಹೀಗೆ. ಆ ಚೀಟಿ ಹರಿದ ಜಾಗ ಯಾವುದು, ದಿನ ಯಾವುದು ಎಂದು ಇತಿಹಾಸಕಾರರು ಇನ್ನೂ ಕಿತ್ತಾಡುತ್ತಿದ್ದಾರೆ. ಸರ್ಕಾರ ಒಪ್ಪಿರುವುದು ಆಗಸ್ಟ್ 23, ಪುಗದ್ ಲವಿನ್. ಮೆಲ್ಚೋರಾ ಅಕಿನೊ ಎಂಬ 84 ವರ್ಷದ ಅಜ್ಜಿ ಹೋರಾಟಗಾರರಿಗೆ ಊಟ ಹಾಕಿ, ಗಾಯಕ್ಕೆ ಮದ್ದು ಮಾಡಿದ್ದಕ್ಕೆ ಆಕೆಯನ್ನು ಗುವಾಮ್ ದ್ವೀಪಕ್ಕೆ ಗಡಿಪಾರು ಮಾಡಿದರು. ಗವರ್ನರ್ ಎಂಟು ಪ್ರಾಂತ್ಯಗಳಲ್ಲಿ ಸೈನಿಕ ಕಾನೂನು ಹೇರಿದ. ಇವತ್ತಿನ ಫಿಲಿಪ್ಪೀನ್ಸ್ ಬಾವುಟದಲ್ಲಿರುವ ಸೂರ್ಯನ ಎಂಟು ಕಿರಣಗಳು ಆ ಎಂಟು ಪ್ರಾಂತ್ಯಗಳ ನೆನಪು ಎನ್ನುತ್ತಾರೆ.

ರಿಸಾಲ್ ಈ ದಂಗೆಯನ್ನು ಒಪ್ಪಿರಲಿಲ್ಲ. ಜೈಲಿನಿಂದ ಅದನ್ನು ಖಂಡಿಸಿ ಹೇಳಿಕೆಯನ್ನೂ ಬರೆದುಕೊಟ್ಟರು. ಸ್ಪೇನ್ ಅಧಿಕಾರಿಗಳು ಅದನ್ನು ಹೊರಗೆ ಬಿಡಲೇ ಇಲ್ಲ. ಈಗ ಇದು ಬೇಡ ಎಂಬ ಮಾತು ಅದರಲ್ಲಿತ್ತೇ ಹೊರತು ಸ್ವಾತಂತ್ರ್ಯವೇ ಬೇಡ ಎಂದಿರಲಿಲ್ಲ! ಡಿಸೆಂಬರ್ 30ರಂದು ಅವರನ್ನು ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವರು ಸ್ಪೇನ್ ಸೇನೆಯಲ್ಲಿದ್ದ ಫಿಲಿಪಿನೊ ಸೈನಿಕರು. ಅವರ ಹಿಂದೆ ಬಂದೂಕು ಹಿಡಿದು ಸ್ಪೇನ್ ಸೈನಿಕರು ನಿಂತಿದ್ದರು. ಸುಧಾರಣೆ ಕೇಳಿದವನಿಗೇ ಈ ಗತಿ ಎಂದ ಮೇಲೆ ನಡುದಾರಿ ಹಿಡಿದಿದ್ದವರಿಗೂ ಬೇರೆ ದಾರಿ ಉಳಿಯಲಿಲ್ಲ.

ಮೂರು ಕೋಣೆಗಳು

ಮನಿಲಾ ಸುತ್ತ ಬೊನಿಫಾಸಿಯೊ ಒಂದಾದ ಮೇಲೆ ಒಂದು ಸೋಲು ಕಂಡರು. ಪಕ್ಕದ ಕವೀತೆ ಪ್ರಾಂತ್ಯದಲ್ಲಿ ಮಾತ್ರ ಕ್ರಾಂತಿಕಾರರು ಊರೂರೇ ಗೆದ್ದರು. ಅಲ್ಲಿನ ನಾಯಕ ಅಗಿನಾಲ್ಡೊ, 27 ವರ್ಷದ ಯುವಕ, ತಮ್ಮ ಊರಿನ ಮುನಿಸಿಪಲ್ ಮುಖ್ಯಸ್ಥ. ಜಮೀನು, ಜನ, ಸಂಬಂಧ ಎಲ್ಲ ಇದ್ದವರು.

1897ರ ಮಾರ್ಚ್ 22ರಂದು ತೆಹೇರೋಸ್‌ನಲ್ಲಿ ಎರಡು ಬಣಗಳು ಸೇರಿದವು. ಜಾಗ ಯಾವುದು ಗೊತ್ತಾ? ಪಾದ್ರಿಗಳ ಜಮೀನಿನ ಬಂಗಲೆ. ಹೊಸ ಸರ್ಕಾರಕ್ಕೆ ಚುನಾವಣೆ ನಡೆಯಿತು. ರಣರಂಗದಲ್ಲಿದ್ದ ಅಗಿನಾಲ್ಡೊ ಅಲ್ಲಿಗೆ ಬಾರದೆಯೇ ಅಧ್ಯಕ್ಷರಾದರು. ಕತಿಪುನಾನ್ ಕಟ್ಟಿದ ಬೊನಿಫಾಸಿಯೊಗೆ ಸಿಕ್ಕಿದ್ದು ಒಳಾಡಳಿತ ಖಾತೆ. ಅದಕ್ಕೂ ಒಬ್ಬ ಎದ್ದು, ಈ ಹುದ್ದೆಗೆ ವಕೀಲಿ ಓದಿದವರು ಬೇಕು ಎಂದ. ಬೊನಿಫಾಸಿಯೊ ಪಿಸ್ತೂಲು ಎಳೆದರು. ಸಭೆಯೇ ಅಸಿಂಧು ಎಂದು ಘೋಷಿಸಿ ಹೊರನಡೆದರು. ಏಪ್ರಿಲ್‌ನಲ್ಲಿ ಅಗಿನಾಲ್ಡೊ ಕಡೆಯವರು ಅವರನ್ನು ಹಿಡಿದರು. ದೇಶದ್ರೋಹದ ವಿಚಾರಣೆ ಆಯಿತು. ಅಗಿನಾಲ್ಡೊ ಮೊದಲು ಮರಣದಂಡನೆಯನ್ನು ಗಡಿಪಾರಿಗೆ ಇಳಿಸಿದರು, ಆಮೇಲೆ ಸೇನಾಧಿಕಾರಿಗಳ ಒತ್ತಾಯಕ್ಕೆ ಆ ಆದೇಶವನ್ನು ಹಿಂದಕ್ಕೆ ಪಡೆದರು. ಮೇ 10ರಂದು ಮರಗೊಂದೋನ್ ಬಳಿಯ ಗುಡ್ಡದಲ್ಲಿ ಬೊನಿಫಾಸಿಯೊ ಮತ್ತು ತಮ್ಮ ಪ್ರೊಕೋಪಿಯೊ ಇಬ್ಬರನ್ನೂ ಕೊಂದರು. ಕೊಂದದ್ದು ಸ್ಪೇನ್ ಅಲ್ಲ, ಕ್ರಾಂತಿಯೇ.

ಯುದ್ಧದ ನಡುವೆ ಎರಡು ಸರ್ಕಾರ ಇರಲು ಆಗುತ್ತಿರಲಿಲ್ಲ, ಅಗಿನಾಲ್ಡೊಗೆ ಬೇರೆ ದಾರಿ ಇರಲಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಒಂದಿಷ್ಟು ಸತ್ಯ ಇದೆ. ಸೋತ ದಂಡನಾಯಕನ ಮಾತಿಗೆ ಬೆಲೆ ಕಡಿಮೆ. ಆದರೆ ವಕೀಲಿ ಓದಿದವರು ಬೇಕು ಎಂಬ ಆ ಒಂದು ಮಾತಿದೆಯಲ್ಲ, ಅದನ್ನು ಯಾವ ಯುದ್ಧತಂತ್ರವೂ ಸಮರ್ಥಿಸಲಾರದು. 1935ರಲ್ಲಿ ಅಗಿನಾಲ್ಡೊ ಅಧ್ಯಕ್ಷ ಚುನಾವಣೆಗೆ ನಿಂತಾಗ ಈ ಕೊಲೆ ಪ್ರಚಾರದ ವಿಷಯವಾಯಿತು. ಅವರು ಹೀನಾಯವಾಗಿ ಸೋತರು.

ಎರಡನೇ ಕೋಣೆ ಬಿಯಾಕ್-ನಾ-ಬಾತೊ. 1897ರ ಡಿಸೆಂಬರ್‌ನಲ್ಲಿ ಎರಡೂ ಕಡೆ ಸುಸ್ತಾಗಿತ್ತು. ಸ್ಪೇನ್‌ಗೆ ಕ್ಯೂಬಾದಲ್ಲೂ ಯುದ್ಧ. ಪೆದ್ರೊ ಪತೆರ್ನೊ ಎಂಬ ಶ್ರೀಮಂತ ಮಧ್ಯಸ್ಥಿಕೆ ವಹಿಸಿದ. ಒಪ್ಪಂದ ಇಷ್ಟು: ಸ್ಪೇನ್ ಒಟ್ಟು 17 ಲಕ್ಷ ಪೆಸೊ ಕೊಡಬೇಕು, ಅಗಿನಾಲ್ಡೊ ಹಾಂಗ್‌ಕಾಂಗ್‌ಗೆ ಹೋಗಬೇಕು. ಕೈಗೆ ಬಂದ 4 ಲಕ್ಷ ಪೆಸೊವನ್ನು ಅಗಿನಾಲ್ಡೊ ಬ್ಯಾಂಕಿನಲ್ಲಿಟ್ಟು ಮುಂದೆ ಬಂದೂಕು ಕೊಳ್ಳಲು ಬಳಸಿದರು ಎನ್ನುವುದನ್ನು ಒಪ್ಪಲೇಬೇಕು. ಆದರೆ ಕ್ರಾಂತಿ ಯಾತಕ್ಕಾಗಿ ನಡೆದಿತ್ತೋ ಆ ಪಾದ್ರಿಗಳ ಜಮೀನಿನ ಮಾತು ಒಪ್ಪಂದದ ಕಾಗದದಲ್ಲಿ ಬರಲಿಲ್ಲ. ತಾರ್ಲಾಕ್ ಮುಂತಾದ ಕಡೆ ಹೋರಾಟಗಾರರು ಒಪ್ಪಂದಕ್ಕೆ ಸೊಪ್ಪು ಹಾಕದೆ ಕಾದಾಟ ಮುಂದುವರಿಸಿದರು. ಮಧ್ಯಸ್ಥ ಪತೆರ್ನೊ ಮಾತ್ರ ತನ್ನ ಸೇವೆಗೆ ಪ್ರತಿಯಾಗಿ ಡ್ಯೂಕ್ ಪದವಿ ಬೇಕೆಂದು ಸ್ಪೇನ್‌ಗೆ ಪತ್ರ ಬರೆದ. ಸಿಗಲಿಲ್ಲ ಬಿಡಿ.

ಮೂರನೆಯದು ದೊಡ್ಡದು. 1898ರ ಏಪ್ರಿಲ್‌ನಲ್ಲಿ ಕ್ಯೂಬಾ ವಿಷಯಕ್ಕೆ ಅಮೆರಿಕ, ಸ್ಪೇನ್ ನಡುವೆ ಯುದ್ಧ ಶುರುವಾಯಿತು. ಮೇ 1ರಂದು ಅಮೆರಿಕದ ನೌಕಾಪಡೆಯ ನಾಯಕ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿ ಸ್ಪೇನ್ ನೌಕಾಪಡೆಯನ್ನು ಒಂದೇ ಬೆಳಗಿನಲ್ಲಿ ಮುಳುಗಿಸಿದ. ಆದರೆ ನೆಲದ ಮೇಲೆ ಇಳಿಸಲು ಅವನ ಹತ್ತಿರ ಸೈನ್ಯ ಇರಲಿಲ್ಲ. ಮೇ 19ರಂದು ಅಮೆರಿಕದ ಹಡಗಿನಲ್ಲೇ ಅಗಿನಾಲ್ಡೊ ವಾಪಸ್ ಬಂದರು. ಕೆಲವೇ ವಾರದಲ್ಲಿ ಲೂಸಾನ್ ದ್ವೀಪದ ಬಹುಪಾಲು ಅವರ ಕೈಗೆ ಬಂತು. ಮನಿಲಾ ಸುತ್ತ ಕಂದಕ ತೋಡಿ ಕೂತರು. ಒಳಗೆ ಸ್ಪೇನ್‌ನವರು ಹಸಿವಿನಿಂದ ಒದ್ದಾಡುತ್ತಿದ್ದರು. ಜೂನ್ 12ರ ಘೋಷಣೆ ಬಂದಿದ್ದು ಈ ಗೆಲುವಿನ ಹುರುಪಿನಲ್ಲಿ. ಆದರೆ ಆ ಕಾಗದದಲ್ಲಿ ಅಮೆರಿಕದ ರಕ್ಷಣೆಯ ನೆರಳಿನಲ್ಲಿ ಎಂಬ ಅರ್ಥದ ಮಾತು ಇತ್ತು. ನಡೆಯಲಾಗದ, ಆದರೆ ಎಲ್ಲರಿಗಿಂತ ಚುರುಕಾಗಿ ಯೋಚಿಸುತ್ತಿದ್ದ ವಕೀಲ ಅಪೊಲಿನಾರಿಯೊ ಮಬಿನಿಗೆ ಅದು ಸರಿ ಕಾಣಲಿಲ್ಲ. ಅವರ ಸಲಹೆಯಂತೆ ಆಗಸ್ಟ್ 1ರಂದು ಊರುಗಳ ಮುಖಂಡರನ್ನು ಸೇರಿಸಿ ಮತ್ತೊಮ್ಮೆ ಒಪ್ಪಿಗೆ ಪಡೆದರು.

ಸ್ಪೇನ್ ಗವರ್ನರ್‌ಗೆ ಸೋಲು ಖಚಿತ ಎಂದು ಗೊತ್ತಿತ್ತು. ಆದರೆ ತಾನು ಆಳಿದ ಜನರಿಗೆ ಶರಣಾಗಲು ಅವನಿಗೆ ಇಷ್ಟವಿರಲಿಲ್ಲ. ಕಾದಾಡದೆ ಶರಣಾದರೆ ಸ್ಪೇನ್‌ನಲ್ಲಿ ಕೋರ್ಟ್ ಮಾರ್ಷಲ್. ಬೆಲ್ಜಿಯಂನ ಕಾನ್ಸಲ್ ನಡುವೆ ಬಂದು ಒಂದು ನಾಟಕ ಗೊತ್ತುಪಡಿಸಿದ. ಆಗಸ್ಟ್ 13ರಂದು ಅಮೆರಿಕದವರು ಒಂದಿಷ್ಟು ಗುಂಡು ಹಾರಿಸುವುದು, ಸ್ಪೇನ್ ಬಿಳಿ ಬಾವುಟ ಎತ್ತುವುದು, ಫಿಲಿಪಿನೊ ಸೇನೆಯನ್ನು ಊರೊಳಗೆ ಬಿಡದಿರುವುದು. ಹಾಗೇ ಆಯಿತು. ಅದರ ಹಿಂದಿನ ದಿನವೇ ವಾಷಿಂಗ್ಟನ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಸಮುದ್ರದ ತಂತಿಯನ್ನು ಡ್ಯೂಯಿ ಮೊದಲೇ ಕತ್ತರಿಸಿದ್ದರಿಂದ ಸುದ್ದಿ ಮನಿಲಾ ತಲುಪಿರಲಿಲ್ಲ. 327 ವರ್ಷ ಸ್ಪೇನ್ ಕೈಯಲ್ಲಿದ್ದ ನಗರ ಹೀಗೆ ಕೈ ಬದಲಾಯಿತು. ಮುತ್ತಿಗೆ ಹಾಕಿದವರು ಕಂದಕದಲ್ಲೇ ಉಳಿದರು.

ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಸ್ಪೇನ್ 2 ಕೋಟಿ ಡಾಲರ್‌ಗೆ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಗಿನಾಲ್ಡೊ ಕಳಿಸಿದ್ದ ದೂತ ಫೆಲಿಪೆ ಅಗೊನ್ಸಿಯೊ ಪ್ಯಾರಿಸ್‌ನಲ್ಲೇ ಇದ್ದರು. ಮಾತುಕತೆಗೆ ಅವರನ್ನು ಸೇರಿಸಲೇ ಇಲ್ಲ. 1899ರ ಜನವರಿ 23ರಂದು ಮಲೋಲೋಸ್‌ನಲ್ಲಿ ಸಂವಿಧಾನ, ಸಂಸತ್ತು ಎಲ್ಲ ಇದ್ದ ಗಣರಾಜ್ಯ ಶುರುವಾಯಿತು. ಫೆಬ್ರವರಿ 4ರ ರಾತ್ರಿ ಅಮೆರಿಕದ ಸೈನಿಕನ ಗುಂಡಿನಿಂದ ಯುದ್ಧ ಆರಂಭ. ಎರಡು ದಿನದ ನಂತರ ಅಮೆರಿಕದ ಸೆನೆಟ್ ಪ್ಯಾರಿಸ್ ಒಪ್ಪಂದಕ್ಕೆ 57–27 ಮತಗಳಿಂದ ಒಪ್ಪಿಗೆ ಕೊಟ್ಟಿತು. ಬೇಕಿದ್ದ ಮೂರನೇ ಎರಡಕ್ಕಿಂತ ಒಂದೇ ಮತ ಜಾಸ್ತಿ. ಆ ಯುದ್ಧದಲ್ಲಿ ಅಮೆರಿಕದ 4,200ಕ್ಕೂ ಹೆಚ್ಚು ಸೈನಿಕರು, ಸುಮಾರು 20,000 ಫಿಲಿಪಿನೊ ಹೋರಾಟಗಾರರು ಸತ್ತರು. ಹಸಿವು, ಕಾಲರಾ ಸೇರಿ ಸತ್ತ ಸಾಮಾನ್ಯ ಜನ ಕನಿಷ್ಠ 2 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ.

ಇದರ ನಡುವೆ ಒಂದು ವಿಚಿತ್ರ. ಬಲೇರ್ ಎಂಬ ಊರಿನ ಚರ್ಚಿನಲ್ಲಿ ಸ್ಪೇನ್ ಸೈನಿಕರ ಸಣ್ಣ ತುಕಡಿ 337 ದಿನ ಬಾಗಿಲು ಹಾಕಿಕೊಂಡು ಕೂತಿತ್ತು. ತಮ್ಮ ದೇಶ ದ್ವೀಪಗಳನ್ನೇ ಬಿಟ್ಟುಕೊಟ್ಟಿದೆ ಎಂದರೆ ನಂಬಲಿಲ್ಲ. 1899ರ ಜೂನ್‌ನಲ್ಲಿ ಹೊರಗೆ ಬಂದಾಗ ಅಗಿನಾಲ್ಡೊ ಅವರನ್ನು ಕೈದಿಗಳಲ್ಲ, ಸ್ನೇಹಿತರು ಎಂದು ಕಳಿಸಿಕೊಟ್ಟರು. ಈಗ ಜೂನ್ 30ನ್ನು ಎರಡು ದೇಶಗಳ ಸ್ನೇಹದ ದಿನವಾಗಿ ಆಚರಿಸುತ್ತಾರೆ.

ಮುಗಿಯದ ಲೆಕ್ಕ

ಪ್ಯಾರಿಸ್ ಒಪ್ಪಂದದಲ್ಲಿ ಎಲ್ಲರೂ 2 ಕೋಟಿ ಡಾಲರ್ ನೋಡುತ್ತಾರೆ. ಎಂಟನೇ ಕಲಮನ್ನು ನೋಡುವವರು ಕಡಿಮೆ. ಚರ್ಚಿನ ಸಂಸ್ಥೆಗಳ ಆಸ್ತಿಗೆ ಧಕ್ಕೆ ಬರಬಾರದು ಎನ್ನುತ್ತದೆ ಅದು. ಮಲೋಲೋಸ್ ಸಂವಿಧಾನ ಇದಕ್ಕೆ ನೇರ ಉಲ್ಟಾ ಹೇಳಿತ್ತು. ಮಠಗಳ ಜಮೀನು ಫಿಲಿಪ್ಪೀನ್ಸ್ ಸರ್ಕಾರಕ್ಕೆ ಸೇರಿದ್ದು ಎಂದು ಅದರಲ್ಲಿ ಬರೆದಿದ್ದರು. ಯಾವ ಗೇಣಿ ಜಗಳದಿಂದ ಸಿಟ್ಟು ಹೊತ್ತಿಕೊಂಡಿತೋ ಅದು ಒಂದು ಕಾಗದದಲ್ಲಿ ಬಗೆಹರಿದು, ಇನ್ನೊಂದು ಕಾಗದದಲ್ಲಿ ಮತ್ತೆ ಮೊದಲಿನ ಜಾಗಕ್ಕೇ ಬಂತು. ಕೊನೆಗೆ 1903ರಲ್ಲಿ ಅಮೆರಿಕದ ಆಡಳಿತ ಸುಮಾರು 4 ಲಕ್ಷ ಎಕರೆಯನ್ನು 70 ಲಕ್ಷ ಡಾಲರ್‌ಗಿಂತ ಹೆಚ್ಚು ಕೊಟ್ಟು ಮಠಗಳಿಂದ ಖರೀದಿಸಿತು. ಕೊಟ್ಟ ದುಡ್ಡು ವಾಪಸ್ ಬರಬೇಕಲ್ಲ, ಆ ಬೆಲೆಗೆ ಮಾರಿತು. ಉಳುವವರ ಹತ್ತಿರ ಅಷ್ಟು ಹಣ ಎಲ್ಲಿಂದ ಬರಬೇಕು? ಬಹಳಷ್ಟು ಜಮೀನು ಮೊದಲೇ ಗಟ್ಟಿಯಾಗಿದ್ದವರ ಪಾಲಾಯಿತು. ಸ್ಪೇನ್ ಕಾಲದ ತಂಬಾಕು ಕಂಪನಿಯ ಕೈಯಲ್ಲಿದ್ದ ತಾರ್ಲಾಕ್‌ನ ಲುಯಿಸಿತಾ ಎಸ್ಟೇಟು 1950ರ ದಶಕದ ಕೊನೆಗೆ ಕೊಹುವಾಂಕೊ ಮನೆತನಕ್ಕೆ ಬಂತು. ಮುಂದೆ ಎರಡು ಅಧ್ಯಕ್ಷರನ್ನು ಕೊಟ್ಟ ಕುಟುಂಬ ಅದು. ಆ ಜಮೀನನ್ನು ಕೆಲಸಗಾರರಿಗೆ ಹಂಚಿ ಎಂಬ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬರಲು 2012 ಆಗಬೇಕಾಯಿತು.

ರಾಷ್ಟ್ರೀಯ ನಾಯಕ ಯಾರು ಎಂಬ ಜಗಳಕ್ಕೂ ಇದೇ ಬೇರು. ರಿಸಾಲ್ ಅಮೆರಿಕದವರು ಆರಿಸಿಕೊಟ್ಟ ನಾಯಕ, ಬೊನಿಫಾಸಿಯೊ ಜನರ ನಾಯಕ ಎನ್ನುವವರು ಎಡಪಂಥೀಯರಲ್ಲಿ ಬಹಳ. ಅರ್ಜಿ ಬರೆದವರನ್ನು ಮೆಚ್ಚಿಕೊಳ್ಳುವುದು ಹೊಸ ಒಡೆಯರಿಗೆ ಅನುಕೂಲ ಇತ್ತು, ನಿಜ. 1901ರಲ್ಲೇ ಒಂದು ಪ್ರಾಂತ್ಯಕ್ಕೆ ರಿಸಾಲ್ ಹೆಸರಿಟ್ಟರು. ಆದರೆ ಪೂರ್ತಿ ಅವರದೇ ಸೃಷ್ಟಿ ಎನ್ನುವುದು ಅತಿಯಾಯಿತು. 1898ರ ಡಿಸೆಂಬರ್ 30ನ್ನು ಶೋಕದ ದಿನ ಎಂದು ಘೋಷಿಸಿದ್ದು ಅಗಿನಾಲ್ಡೊ. ಅದಕ್ಕೂ ಮುಂಚೆ ಕತಿಪುನಾನ್‌ನವರು ರಿಸಾಲ್ ಹೆಸರನ್ನು ಗುಪ್ತಪದವಾಗಿ ಬಳಸುತ್ತಿದ್ದರು. ಬೊನಿಫಾಸಿಯೊಗೆ ಅಡ್ಡಿ ಅನಿಸದ ರಿಸಾಲ್, ಅವರ ಅಭಿಮಾನಿಗಳಿಗೆ ಯಾಕೆ ಅಡ್ಡಿ ಆಗಬೇಕೋ ನನಗಂತೂ ಅರ್ಥವಾಗಿಲ್ಲ. ದಿಲ್ಲಿಯ ರಾಯಭಾರ ಕಚೇರಿಗಳ ಪ್ರದೇಶದಲ್ಲೂ ರಿಸಾಲ್ ಹೆಸರಿನ ರಸ್ತೆ ಒಂದಿದೆ.

ಸ್ಪೇನ್ ತನ್ನ ಕೈಯಲ್ಲಿ ಇಲ್ಲದ್ದನ್ನೂ ಮಾರಿತ್ತು ಎನ್ನುವುದು ಇನ್ನೊಂದು ಸಂಗತಿ. ದಕ್ಷಿಣದ ಸುಲು, ಮಿಂದನಾವ್‌ನ ಮುಸ್ಲಿಂ ಸುಲ್ತಾನರ ನಾಡನ್ನು ಅದು 300 ವರ್ಷ ಕಾದಾಡಿದರೂ ಪೂರ್ತಿ ಗೆದ್ದಿರಲಿಲ್ಲ. ನಕ್ಷೆಯ ಗೆರೆಯೊಳಗೆ ಬಂತು ಎಂಬ ಒಂದೇ ಕಾರಣಕ್ಕೆ ಅದೂ ಅಮೆರಿಕಕ್ಕೆ ಹೋಯಿತು, ಅಲ್ಲಿಂದ ಮನಿಲಾಕ್ಕೆ. ದಶಕಗಳ ಸಶಸ್ತ್ರ ಹೋರಾಟದ ನಂತರ 2019ರಲ್ಲಿ ಬಂಗ್ಸಮೊರೊ ಸ್ವಾಯತ್ತ ಪ್ರದೇಶ ಬಂತು. 2024ರಲ್ಲಿ ಸುಪ್ರೀಂ ಕೋರ್ಟು ಸುಲು ಪ್ರಾಂತ್ಯ ಅದರಲ್ಲಿ ಸೇರುವುದಿಲ್ಲ ಎಂದಿತು, ಅಲ್ಲಿನ ಮತದಾರರು ಬೇಡ ಎಂದಿದ್ದರಿಂದ.

ಈಗ ಆ ಗೆರೆ. ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ತಾನು ಕೊಡುವ ದ್ವೀಪಗಳ ಸುತ್ತ ಅಕ್ಷಾಂಶ, ರೇಖಾಂಶ ಹಿಡಿದು ಒಂದು ಚೌಕಟ್ಟು ಹಾಕಿತು. ಪಶ್ಚಿಮದ ಗೆರೆ 118 ಡಿಗ್ರಿ ರೇಖಾಂಶ. ಲೂಸಾನ್‌ನಿಂದ ಸುಮಾರು 220 ಕಿಲೋಮೀಟರ್ ದೂರದ ಸ್ಕಾರ್‌ಬರೊ ಎಂಬ ಹವಳದ ದಿಬ್ಬ ಆ ಗೆರೆಯಿಂದ ಕೊಂಚ ಹೊರಗೆ ಬೀಳುತ್ತದೆ. ಚೀನಾ ಹಿಡಿದುಕೊಂಡಿರುವುದು ಇದನ್ನೇ. ನಿಮ್ಮ ದೇಶದ ಎಲ್ಲೆ ಬರೆದ ಕಾಗದದಲ್ಲೇ ಈ ದಿಬ್ಬ ಇಲ್ಲವಲ್ಲ ಎಂಬುದು ಅದರ ವಾದ. ಮನಿಲಾ ಇದಕ್ಕೆ 1900ರ ನವೆಂಬರ್ 7ರ ವಾಷಿಂಗ್ಟನ್ ಒಪ್ಪಂದವನ್ನು ಮುಂದಿಡುತ್ತದೆ. ಗೆರೆಯ ಹೊರಗೆ ಉಳಿದ ದ್ವೀಪಗಳನ್ನೂ ಸ್ಪೇನ್ ಇನ್ನೊಂದು ಲಕ್ಷ ಡಾಲರ್ ಪಡೆದು ಬಿಟ್ಟುಕೊಟ್ಟ ಒಪ್ಪಂದ ಅದು. ಜೊತೆಗೆ ಸ್ಪೇನ್ ಕಾಲದ 1734ರ ಮುರಿಯೊ ವೆಲಾರ್ದೆ ನಕ್ಷೆಯಲ್ಲಿ ಆ ದಿಬ್ಬ ಇದೆ ಎಂದು ತೋರಿಸುತ್ತದೆ. ಎರಡೂ ಒಪ್ಪಂದಗಳಿಗೆ ಸಹಿ ಹಾಕಿದವರು ಸ್ಪೇನ್ ಮತ್ತು ಅಮೆರಿಕ. ಎರಡನೆಯದಕ್ಕೆ ಸಹಿ ಬಿದ್ದಾಗ ಅಗಿನಾಲ್ಡೊ ಪಲನಾನ್ ಎಂಬ ದೂರದ ಊರಿನಲ್ಲಿ ಅಡಗಿ ಇನ್ನೂ ಯುದ್ಧ ನಡೆಸುತ್ತಿದ್ದರು. ಅವರು ಸಿಕ್ಕಿಬಿದ್ದದ್ದು 1901ರ ಮಾರ್ಚ್‌ನಲ್ಲಿ.

2012ರಲ್ಲಿ ಸ್ಕಾರ್‌ಬರೊ ಬಳಿ ಚೀನಾದ ಮೀನುಗಾರಿಕೆ ದೋಣಿಗಳನ್ನು ತಡೆಯಲು ಫಿಲಿಪ್ಪೀನ್ಸ್ ಒಂದು ಯುದ್ಧನೌಕೆ ಕಳಿಸಿತು. ಅದರ ಹೆಸರು ಗ್ರೆಗೊರಿಯೊ ದೆಲ್ ಪಿಲಾರ್. ಅಗಿನಾಲ್ಡೊ ತಪ್ಪಿಸಿಕೊಳ್ಳಲಿ ಎಂದು 1899ರಲ್ಲಿ ತಿರಾದ್ ಕಣಿವೆಯಲ್ಲಿ ಅಮೆರಿಕದವರನ್ನು ತಡೆದು ಸತ್ತ 24 ವರ್ಷದ ಜನರಲ್‌ನ ಹೆಸರು. ಹಡಗು ಮಾತ್ರ ಅಮೆರಿಕದ ಕೋಸ್ಟ್ ಗಾರ್ಡ್ ಬಳಸಿ ಬಿಟ್ಟದ್ದು! ಆ ಜಗಳದ ಕೊನೆಗೆ ದಿಬ್ಬ ಚೀನಾದ ಹಿಡಿತಕ್ಕೆ ಹೋಯಿತು. 2016ರಲ್ಲಿ ಹೇಗ್‌ನ ನ್ಯಾಯಮಂಡಳಿ ದಕ್ಷಿಣ ಚೀನಾ ಸಮುದ್ರದ ಬಹುಪಾಲು ತನ್ನದೆಂದು ಚೀನಾ ನಕ್ಷೆಯಲ್ಲಿ ಎಳೆದ ಒಂಬತ್ತು ಗೀಟಿನ ಗೆರೆಗೆ ಕಾನೂನಿನ ಆಧಾರ ಇಲ್ಲ ಎಂದಿತು. ಫಿಲಿಪಿನೊ ಬೆಸ್ತರನ್ನು ಅಲ್ಲಿಂದ ಓಡಿಸಿದ್ದು ತಪ್ಪು ಎಂದೂ ಹೇಳಿತು. ಆದರೆ ದಿಬ್ಬ ಯಾರದು ಎಂದು ಹೇಳಲಿಲ್ಲ, ಅದು ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಮನಿಲಾ ತನ್ನ ಕಡಲ ವಲಯಗಳ ಕಾನೂನು ತಂದಿತು. ಎರಡೇ ದಿನದಲ್ಲಿ ಚೀನಾ ಸ್ಕಾರ್‌ಬರೊ ಸುತ್ತ ತನ್ನ ಗಡಿಗೆರೆ ಪ್ರಕಟಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಭಾರತದ ಬ್ರಹ್ಮೋಸ್ ಕ್ಷಿಪಣಿಗಳ ಮೊದಲ ಕಂತು ಫಿಲಿಪ್ಪೀನ್ಸ್ ತಲುಪಿತ್ತು, 2022ರಲ್ಲಿ ಆದ ಸುಮಾರು 37.5 ಕೋಟಿ ಡಾಲರ್‌ನ ಒಪ್ಪಂದದಂತೆ. ಒಡೆತನದ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಎರಡೂ ದೇಶ ಒಪ್ಪಬೇಕು. ಚೀನಾ ಒಪ್ಪುವ ಲಕ್ಷಣ ಇಲ್ಲ. ಹಾಗಾಗಿ ಸದ್ಯಕ್ಕೆ ಆ ವಾದ ಕೋರ್ಟಿನಲ್ಲಿ ಅಲ್ಲ, ಜಲಫಿರಂಗಿ ಹೊತ್ತ ಕೋಸ್ಟ್ ಗಾರ್ಡ್ ಹಡಗುಗಳ ನಡುವೆಯೇ ನಡೆಯುತ್ತಿದೆ.